ಮೊರಾಕೋದ ಸಹೋದರಿಯರು ಮತ್ತು ಅವರ ಭೂಮಿ

(ಸ್ವ-ಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನೀಡಿದ ಮಾಹಿತಿ ಭಾಷಣ)



ಮುಸ್ಲಿಂ ಮಹಿಳೆಯರ ಹಕ್ಕುಗಳ ಬಗ್ಗೆ ಮಾತು ತೆಗೆದರೆ ಸಾಕು, ಅದು ಬುರ್ಖಾ ಮತ್ತು ತಲಾಕ್ ಎರಡಕ್ಕೇ ಹೋಗಿ ನಿಂತುಬಿಡುತ್ತದೆ. ಇಂಡೋನೇಷ್ಯಾದಿಂದ ಸೆನೆಗಲ್‌ವರೆಗೆ ಕೋಟಿಗಟ್ಟಲೆ ಮುಸ್ಲಿಂ ಮಹಿಳೆಯರಿದ್ದಾರೆ. ಗದ್ದೆ ನಾಟಿ ಮಾಡುವವರಿದ್ದಾರೆ, ಡಾಕ್ಟರುಗಳಿದ್ದಾರೆ, ಮೀನು ಮಾರುವವರಿದ್ದಾರೆ. ಎಲ್ಲರದೂ ಒಂದೇ ಕಥೆ ಅನ್ನೋದಕ್ಕೆ ಆಗುವುದಿಲ್ಲ. ಅದಕ್ಕಾಗಿ ಇವತ್ತು ನಾವು ಒಂದೇ ದೇಶವನ್ನು ಆರಿಸಿಕೊಂಡಿದ್ದೇವೆ, ಮೊರಾಕೋ. ಆಫ್ರಿಕಾ ಖಂಡದ ವಾಯುವ್ಯ ಮೂಲೆಯಲ್ಲಿದೆ, ಕಡಲು ದಾಟಿದರೆ ಸ್ಪೇನ್. ಜನರು ಹೆಚ್ಚುಕಡಿಮೆ ಎಲ್ಲರೂ ಮುಸ್ಲಿಮರೇ. ಅರಸರೂ ಇದ್ದಾರೆ, ಪಾರ್ಲಿಮೆಂಟೂ ಇದೆ.

ಅಲ್ಲಿ ಸುಮಾರು 1.5 ಕೋಟಿ ಹೆಕ್ಟೇರ್ ಭೂಮಿ ಯಾರೊಬ್ಬರ ಹೆಸರಿನಲ್ಲೂ ಇಲ್ಲ. ಅದು ಬುಡಕಟ್ಟುಗಳ ಸಾಮೂಹಿಕ ಭೂಮಿ. ಫ್ರೆಂಚರ ಆಳ್ವಿಕೆಯ ಕಾಲದಲ್ಲಿ, 1919ರಲ್ಲಿ, ಇದಕ್ಕೊಂದು ಕಾಯಿದೆ ಬಂತು. ಭೂಮಿಯನ್ನು ಮಾರುವಂತಿಲ್ಲ, ಸಮುದಾಯದವರು ಉಳಬಹುದು, ದನಕರು ಮೇಯಿಸಬಹುದು. ಯಾರಿಗೆ ಎಷ್ಟು ಎಂಬುದನ್ನು ಸಂಪ್ರದಾಯದಂತೆ ಹಿರಿಯರು ನಿರ್ಧರಿಸಬೇಕು. ಸಂಪ್ರದಾಯದ ಲೆಕ್ಕ ಹೇಗಿತ್ತು ಗೊತ್ತಾ? ಪ್ರಾಯಕ್ಕೆ ಬಂದ ಗಂಡುಮಕ್ಕಳ ಹೆಸರು ಪಟ್ಟಿಗೆ ಸೇರುತ್ತಿತ್ತು. ಹೆಣ್ಣಿನ ಹೆಸರು ಇಲ್ಲವೇ ಇಲ್ಲ. ಅಪ್ಪನ ಮನೆಯಲ್ಲಿರುವಾಗ ಅಪ್ಪನ ಅನ್ನ, ಆಮೇಲೆ ಗಂಡನ ಅನ್ನ ಎಂಬ ಲೆಕ್ಕ.

ಭೂಮಿಗೆ ಬೆಲೆ ಇಲ್ಲದ ಕಾಲದಲ್ಲಿ ಇದು ಹೇಗೋ ನಡೆಯಿತು. ಪಟ್ಟಣಗಳು ಬೆಳೆದವು. ಬಡಾವಣೆಗಳಿಗೆ, ಕಂಪೆನಿಗಳಿಗೆ ಈ ಭೂಮಿ ಬೇಕಾಯಿತು. ಸರ್ಕಾರದ ಮೂಲಕ ಭೂಮಿ ಕೊಟ್ಟು ಅದಕ್ಕೆ ಪರಿಹಾರದ ಹಣ, ನಿವೇಶನ ಪಡೆಯುವುದು ಶುರುವಾಯಿತು. ಹಣ ಬಂದದ್ದು ಪಟ್ಟಿಯಲ್ಲಿದ್ದ ಗಂಡಸರಿಗೆ ಮಾತ್ರ. ಅಣ್ಣನಿಗೆ ನಿವೇಶನ ಸಿಕ್ಕಿತು. ಅದೇ ಮನೆಯಲ್ಲಿ ಹುಟ್ಟಿದ ವಿಧವೆ ತಂಗಿಗೆ, ಮದುವೆಯಾಗದ ಅಕ್ಕನಿಗೆ ಏನೂ ಇಲ್ಲ. ಕೆಲವರು ಇದ್ದ ಗುಡಿಸಲನ್ನೂ ಬಿಟ್ಟು ಎದ್ದು ಹೋಗಬೇಕಾಯಿತು.

ಕೆನಿತ್ರಾ ಎಂಬ ಪಟ್ಟಣದ ಹತ್ತಿರ ಹದ್ದಾದಾ ಬುಡಕಟ್ಟಿನ ರಕಿಯಾ ಬೆಲ್ಲೋಟ್ ಎಂಬ ಮಹಿಳೆ ಇದನ್ನು ಪ್ರಶ್ನಿಸಿದರು. ಅವರ ಅಣ್ಣತಮ್ಮಂದಿರಿಗೆ ಪರಿಹಾರ ಬಂದಿತ್ತು, ಅವರಿಗೆ ಬಂದಿರಲಿಲ್ಲ. 2007ರಲ್ಲಿ ಅವರು ಮೊರಾಕೋದ ಮಹಿಳೆಯರ ಪ್ರಜಾಸತ್ತಾತ್ಮಕ ಸಂಘದ ಬಾಗಿಲು ತಟ್ಟಿದರು. ಬೇರೆ ಊರುಗಳ ಮಹಿಳೆಯರೂ ಸೇರಿಕೊಂಡರು. ಓದು ಬರಹ ಬಾರದವರು ಬಹಳ ಮಂದಿ. ಹಳ್ಳಿಯ ಉದ್ದ ನಿಲುವಂಗಿ, ತಲೆವಸ್ತ್ರದಲ್ಲೇ ರಾಜಧಾನಿ ರಬಾತ್‌ಗೆ ಬಂದು ಪಾರ್ಲಿಮೆಂಟಿನ ಎದುರು ನಿಂತರು. 'ಸುಲಾಲಾ' ಅಂದರೆ ವಂಶ. 'ಸುಲಾಲಿಯಾತ್', ಅಂದರೆ ವಂಶದ ಹೆಣ್ಣುಮಕ್ಕಳು, ಎಂಬ ಹೆಸರಿನಲ್ಲೇ ಇವರು ಪ್ರಸಿದ್ಧರಾದರು. ನಾವೂ ಈ ವಂಶದವರೇ ಅಲ್ಲವೇ ಎಂಬ ಪ್ರಶ್ನೆ ಆ ಹೆಸರಿನಲ್ಲೇ ಇದೆ ನೋಡಿ!

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ನಿಧಾನವಾಗಿ ತಿಳಿದುಕೊಳ್ಳಬೇಕು. ಇಸ್ಲಾಂ ಧರ್ಮದ ವಾರಸು ನಿಯಮದಲ್ಲಿ ಮಗಳಿಗೆ ಪಾಲಿದೆ, ಮಗನ ಪಾಲಿನ ಅರ್ಧ. ಹೆಂಡತಿಗೂ ಪಾಲಿದೆ, ತಾಯಿಗೂ ಇದೆ. ಈ ಅರ್ಧ ಸಾಕೇ ಎಂಬ ಚರ್ಚೆ ಮೊರಾಕೋದಲ್ಲೇ ನಡೆಯುತ್ತಿದೆ, ಅದು ಬೇರೆ ಮಾತು. ಆದರೆ ಸಾಮೂಹಿಕ ಭೂಮಿಯಲ್ಲಿ ಆ ಅರ್ಧವೂ ಸಿಗುತ್ತಿರಲಿಲ್ಲ, ಸೊನ್ನೆ! ಅಂದರೆ ಅವರ ಪಾಲನ್ನು ಕಿತ್ತುಕೊಂಡದ್ದು ಧರ್ಮವಲ್ಲ, ಊರಿನ ರೂಢಿ. ಆ ಮಹಿಳೆಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ನಾವು ಹೊರಗಿನವರು ಮಾತ್ರ ಎರಡನ್ನೂ ಕಲಸಿ ಮಾತಾಡುತ್ತೇವೆ. ಮತ್ತೆ, ಅಯ್ಯೋ ಪಾಪ ಅನ್ನುವ ಮೊದಲು ನೆನಪಿರಲಿ, ನಮ್ಮ ಕರ್ನಾಟಕದಲ್ಲಿ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಎಂಬ ಕಾನೂನು ಬಂದದ್ದು 1994ರಲ್ಲಿ, ಇಡೀ ದೇಶಕ್ಕೆ ಬಂದದ್ದು 2005ರಲ್ಲಿ.

ಈ ಹೋರಾಟಕ್ಕೆ ಮೊದಲೇ ಕುಟುಂಬ ಕಾನೂನಿನ ಹೋರಾಟ ನಡೆದಿತ್ತು. 1992ರಲ್ಲಿ ಅಲ್ಲಿನ ಮಹಿಳಾ ಸಂಘಟನೆಯೊಂದು ಹತ್ತು ಲಕ್ಷ ಸಹಿ ಸಂಗ್ರಹಕ್ಕೆ ಇಳಿಯಿತು. 2000ದ ಮಾರ್ಚ್‌ನಲ್ಲಿ ಒಂದೇ ದಿನ ಎರಡು ಮೆರವಣಿಗೆ ಆದವು. ರಬಾತ್‌ನಲ್ಲಿ ಬದಲಾವಣೆ ಬೇಕೆನ್ನುವವರು, ಕಾಸಾಬ್ಲಾಂಕಾದಲ್ಲಿ ಬೇಡವೆನ್ನುವವರು. ಬೇಡ ಎಂದವರಲ್ಲೂ ಸಾವಿರಾರು ಮಹಿಳೆಯರಿದ್ದರು. ಕೊನೆಗೆ 2004ರಲ್ಲಿ ಹೊಸ 'ಮುದವ್ವನಾ', ಅಂದರೆ ಕುಟುಂಬ ಕಾನೂನು, ಬಂತು. ಹುಡುಗಿಯ ಮದುವೆ ವಯಸ್ಸು 15 ಇದ್ದದ್ದು 18 ಆಯಿತು. ಹೆಂಡತಿ ಗಂಡನಿಗೆ ವಿಧೇಯಳಾಗಿರಬೇಕು ಎಂಬ ನಿಯಮ ಹೋಗಿ ಮನೆಯ ಹೊಣೆ ಇಬ್ಬರದೂ ಆಯಿತು. ತಲಾಕ್ ನ್ಯಾಯಾಲಯದ ಮೂಲಕವೇ ಆಗಬೇಕು. ಎರಡನೇ ಮದುವೆಗೆ ನ್ಯಾಯಾಧೀಶರ ಅನುಮತಿ ಬೇಕು. ಆದರೆ 18 ತುಂಬದವರಿಗೂ ವಿಶೇಷ ಅನುಮತಿ ಕೊಡುವ ಅಧಿಕಾರ ನ್ಯಾಯಾಧೀಶರಿಗೆ ಉಳಿಯಿತು. ಆ ಸಂದಿಯಲ್ಲಿ ಹಳ್ಳಿಯ ಹುಡುಗಿಯರ ಮದುವೆ ಮುಂದುವರಿದೇ ಇದೆ. ನಮ್ಮ ಅಭಿಪ್ರಾಯದಲ್ಲಿ ಆ ಕಾನೂನಿನ ದೊಡ್ಡ ತೂತು ಅದೇ.

ಇನ್ನು ದಿನನಿತ್ಯದ ದುಡಿಮೆ. ದೇಶದ ನೈರುತ್ಯ ಭಾಗದಲ್ಲಿ ಅರ್ಗಾನ್ ಎಂಬ ಮುಳ್ಳಿನ ಮರ ಬೆಳೆಯುತ್ತದೆ. ಮೇಕೆಗಳು ಮರವನ್ನೇ ಹತ್ತಿ ಅದರ ಹಣ್ಣು ತಿನ್ನುತ್ತವೆ! ಗಟ್ಟಿ ಬೀಜವನ್ನು ಕಲ್ಲಿನ ಮೇಲಿಟ್ಟು ಇನ್ನೊಂದು ಕಲ್ಲಿನಿಂದ ಒಡೆಯಬೇಕು, ಒಳಗಿನ ತಿರುಳನ್ನು ಬೀಸಬೇಕು, ನಾದಿ ಎಣ್ಣೆ ತೆಗೆಯಬೇಕು. ತಲೆತಲಾಂತರದಿಂದ ಇದು ಹೆಂಗಸರ ಕೆಲಸ. ಎಣ್ಣೆ ಅಡುಗೆಗೂ ಆಗುತ್ತದೆ, ಮೈಗೂ ಆಗುತ್ತದೆ. 1996ರಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕಿ ಜುಬೇದಾ ಶರ್ರೂಫ್ ಅವರು ತಮನಾರ್ ಎಂಬಲ್ಲಿ 'ಅಮಲ್' ಎಂಬ ಮಹಿಳಾ ಸಹಕಾರಿ ಸಂಘ ಕಟ್ಟಿದರು. ಅಮಲ್ ಅಂದರೆ ಭರವಸೆ. ಮೊದಮೊದಲು ಬಂದವರು ವಿಧವೆಯರು, ಗಂಡ ಬಿಟ್ಟವರು, ಏಕೆಂದರೆ ಉಳಿದವರನ್ನು ಮನೆಯ ಗಂಡಸರು ಕಳುಹಿಸಲು ಒಪ್ಪಲಿಲ್ಲ. ಹಣ ಮನೆಗೆ ಬರಲು ಶುರುವಾದ ಮೇಲೆ ಒಪ್ಪಿದರು. ಸಂಘ ನಡೆಸುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ! ಈಗ ಅಂಥ ಸಂಘಗಳು ನೂರಾರು ಇವೆ, ಕೆಲವು ಅಕ್ಷರಾಭ್ಯಾಸವನ್ನೂ ಮಾಡಿಸುತ್ತವೆ. ಆದರೆ ಎಣ್ಣೆ ವಿದೇಶದ ಅಂಗಡಿಗಳಲ್ಲಿ ಮಾರಾಟವಾಗುವ ಬೆಲೆಗೂ ಬೀಜ ಒಡೆದವಳ ಕೈಗೆ ಬರುವ ಕೂಲಿಗೂ ಬಹಳ ಅಂತರ. ನಡುವಿನ ವ್ಯಾಪಾರಿಗಳೇ ಹೆಚ್ಚು ಗಳಿಸುತ್ತಾರೆ.

ಭೂಮಿಯ ವಿಷಯ ಎಲ್ಲಿಗೆ ಬಂತು ಅಂತ ಕೇಳ್ತೀರಿ. 2009ರಿಂದ 2012ರೊಳಗೆ ಗೃಹ ಸಚಿವಾಲಯ ಒಂದರ ಹಿಂದೆ ಒಂದು ಸುತ್ತೋಲೆ ಹೊರಡಿಸಿ ಹೆಣ್ಣುಮಕ್ಕಳಿಗೂ ಪಾಲು ಕೊಡಬೇಕೆಂದಿತು. ಸುತ್ತೋಲೆ ಕಾನೂನಲ್ಲ, ಹಲವು ಕಡೆ ಹಿರಿಯರು ಕಿವಿಗೆ ಹಾಕಿಕೊಳ್ಳಲಿಲ್ಲ. ಮಹಿಳೆಯರು ಬಿಡಲಿಲ್ಲ. 2019ರಲ್ಲಿ 62.17 ಸಂಖ್ಯೆಯ ಕಾನೂನು ಬಂದು, ನೂರು ವರ್ಷದ ಹಳೇ ಕಾಯಿದೆ ಹೋಯಿತು. ಸಮುದಾಯದ ಸದಸ್ಯರು ಅಂದರೆ ಗಂಡಸರು ಮತ್ತು ಹೆಂಗಸರು ಎಂದು ಅದರಲ್ಲಿ ಬರೆದಿದೆ. ಸಮುದಾಯದ ಪ್ರತಿನಿಧಿಯಾಗಿ ಮಹಿಳೆಯನ್ನೂ ಆರಿಸಬಹುದು.

ಈಗಿನ ಜಗಳ ಪಟ್ಟಿಯದು. ಹಕ್ಕುದಾರರ ಪಟ್ಟಿ ತಯಾರಾಗುವಾಗ ಬೇರೆ ಬುಡಕಟ್ಟಿಗೆ ಮದುವೆಯಾಗಿ ಹೋದವಳು ನಮ್ಮವಳಲ್ಲ ಎಂದು ಹೆಸರು ಬಿಡುವುದುಂಟು. ಕೆಲವರಿಗೆ ನಿವೇಶನ ಸಿಕ್ಕಿದೆ. ಹೆಸರು ಬಿಟ್ಟುಹೋದವರು ತಕರಾರು ಅರ್ಜಿ ಹಿಡಿದು ಕಚೇರಿಗಳಿಗೆ ಓಡಾಡುತ್ತಿದ್ದಾರೆ.