ಪೆಟ್ರೋಲ್ ಘಾಟು ಯಾವಾಗ ಬರುತ್ತದೆ?

ಬಂಕಿನಲ್ಲಿ ಪೆಟ್ರೋಲ್ ಹಾಕಿಸುವಾಗ ಘಾಟು ಮೂಗಿಗೆ ಬಡಿದರೆ ಅದರಲ್ಲಿ ವಿಶೇಷವಿಲ್ಲ. ಅದೇ ಘಾಟು ಗಾಜು ಏರಿಸಿ, ಎಸಿ ಹಾಕಿಕೊಂಡು ಹೆದ್ದಾರಿಯಲ್ಲಿ ಹೋಗುವಾಗ ಬಂತೆಂದರೆ ಕಾರಿನಲ್ಲಿ ಏನೋ ಕೆಟ್ಟಿದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಕಾರ್ಬ್ಯುರೇಟರ್ ತುಂಬಿ ತುಳುಕಿ ವಾಸನೆ ಹೊಡೆಯುವುದು ಮಾಮೂಲಾಗಿತ್ತು. ಈಗಿನ ಕಾರುಗಳಲ್ಲಿ ಟ್ಯಾಂಕಿನಿಂದ ಎಂಜಿನ್ನಿನವರೆಗೆ ಹನಿ ಹೋಗಲಿ, ಆವಿ ಕೂಡ ಹೊರಬೀಳದಂತೆ ಮುಚ್ಚಿರುತ್ತಾರೆ. ‘ಪೆಟ್ರೋಲ್ ಗಾಡಿ ಅಲ್ವಾ, ವಾಸನೆ ಬರದೆ ಇರುತ್ತಾ’ ಎಂಬ ಹಳೆಯ ಸಮಾಧಾನ ಇವುಗಳಿಗೆ ಸಲ್ಲದು.

ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ಪೆಟ್ರೋಲ್ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಗಾಳಿಯಲ್ಲಿ ಆ ಆವಿ ನೂರಕ್ಕೆ ಒಂದೂವರೆ ಪಾಲಿನಷ್ಟಾದರೆ ಒಂದು ಕಿಡಿ ಸಾಕು. ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹಾಗಾಗಿ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ, ಗ್ಯಾರೇಜಿನ ಗುಂಡಿಯಲ್ಲಿ ಕೆಳಗೇ ಮಡುಗಟ್ಟಿ ನಿಲ್ಲುತ್ತದೆ. ಇಷ್ಟಾಗುವ ಬಹಳ ಮೊದಲೇ ಮೂಗು ಎಚ್ಚರಿಸುತ್ತದೆ ಎಂಬುದು ನಮ್ಮ ಪುಣ್ಯ. ಆದರೆ ಕೆಲವೇ ನಿಮಿಷಗಳಲ್ಲಿ ಮೂಗು ಆ ವಾಸನೆಗೆ ಒಗ್ಗಿಬಿಡುತ್ತದೆ. ‘ಆಗ ಬಂದಿತ್ತು, ಈಗ ಹೋಯಿತು’ ಎಂದು ಕಾರಿನೊಳಗೆ ಕೂತವರು ಹೇಳಿದರೆ ನಂಬಬಾರದು. ಬಾಗಿಲು ತೆರೆದ ಕ್ಷಣದ ಮೊದಲ ಘಾಟೇ ಸರಿಯಾದ ಸಾಕ್ಷಿ.

ನುರಿತ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಯಾವಾಗ ಬರುತ್ತೆ ಸಾರ್?’ ಆ ಉತ್ತರದಲ್ಲೇ ಅರ್ಧ ರೋಗ ಸಿಕ್ಕಿಬೀಳುತ್ತದೆ.

ಫುಲ್ ಟ್ಯಾಂಕ್ ಮಾಡಿಸಿದ ದಿನ ಮಾತ್ರ ಬರುತ್ತದೆ ಎಂದರೆ ಅನುಮಾನ ಮೊದಲು ಮುಚ್ಚಳದ ರಬ್ಬರಿನ ಮೇಲೆ, ಆಮೇಲೆ ಇಂಧನ ತುಂಬುವ ಕೊಳವೆಯ ಮೇಲೆ. 2014ರ ಏಪ್ರಿಲ್‌ನಲ್ಲಿ ಮಾರುತಿ ಸುಜುಕಿ ಕಂಪನಿ ಎರ್ಟಿಗಾ, ಸ್ವಿಫ್ಟ್, ಡಿಸೈರ್ ಸೇರಿ 1,03,311 ಕಾರುಗಳನ್ನು ವಾಪಸು ಕರೆಸಿ ಈ ಕೊಳವೆಯ ಭಾಗವನ್ನೇ ಬದಲಿಸಬೇಕಾಯಿತು. ಬಂಕಿನ ಗನ್ ತಾನಾಗಿ ನಿಂತ ಮೇಲೂ ತುಂಬಿದರೆ ಕೆಲವು ಕಾರುಗಳಲ್ಲಿ ವಾಸನೆ, ಸೋರಿಕೆ ಕಾಣಿಸಿಕೊಳ್ಳಬಹುದು ಎಂಬುದು ಅದಕ್ಕೆ ಕಾರಣ.

ಕೊಳವೆ ಗಟ್ಟಿಯಾಗಿದ್ದರೂ ಗನ್ ನಿಂತ ಮೇಲೂ ತುಂಬಿಸುವ ಅಭ್ಯಾಸ ಕೆಟ್ಟದ್ದೇ. ಬಂಕಿನ ಗನ್ನಿನ ತುದಿಯಲ್ಲಿ ಗಾಳಿ ಎಳೆಯುವ ಸಣ್ಣ ತೂತೊಂದಿದೆ. ಪೆಟ್ರೋಲ್ ಮೇಲೇರಿ ಅದನ್ನು ಮುಚ್ಚಿದಾಗ ಗನ್ ‘ಟಕ್’ ಎಂದು ನಿಲ್ಲುತ್ತದೆ. ಆಮೇಲೆ ಉಳಿಯುವ ಜಾಗ ಆವಿಗೆ ಬಿಟ್ಟದ್ದು. ಆ ಆವಿ ಕ್ಯಾನಿಸ್ಟರ್ ಎಂಬ ಇದ್ದಿಲಿನ ಡಬ್ಬಿಗೆ ಹೋಗಿ, ಎಂಜಿನ್ ಓಡುವಾಗ ಅಲ್ಲಿಂದ ಅದರೊಳಗೆ ಸೆಳೆಯಲ್ಪಟ್ಟು ಉರಿದುಹೋಗುತ್ತದೆ. ಬಿಲ್ಲು ರೌಂಡ್ ಫಿಗರ್ ಆಗಲಿ ಎಂದು ಇನ್ನೊಂದಿಷ್ಟು ಒತ್ತಿ ತುಂಬಿಸಿದರೆ ಪೆಟ್ರೋಲೇ ಆ ಡಬ್ಬಿಗೆ ನುಗ್ಗಿ ಇದ್ದಿಲನ್ನು ತೋಯಿಸುತ್ತದೆ. ಹಾಳಾದ ಕ್ಯಾನಿಸ್ಟರ್ ರಿಪೇರಿಯಾಗುವಂಥದ್ದಲ್ಲ, ಬದಲಿಸಲೇಬೇಕು.

ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಬಂದು, ಎಂಜಿನ್ ಬಿಸಿಯಾದಂತೆ ಹೋಗುವ ಘಾಟಿನ ಮೂಲ ಸಾಮಾನ್ಯವಾಗಿ ಇಂಜೆಕ್ಟರಿನ ಓ-ರಿಂಗ್. ವಯಸ್ಸಾದ ರಬ್ಬರ್ ಚಳಿಗೆ ಕುಗ್ಗಿ ಜಿನುಗುತ್ತದೆ, ಶಾಖಕ್ಕೆ ಹಿಗ್ಗಿ ಮುಚ್ಚಿಕೊಳ್ಳುತ್ತದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕ ಶೇ 20 ಎಥನಾಲ್ ಬೆರೆತ ಪೆಟ್ರೋಲನ್ನು ಹಳೆಯ ಕಾರಿಗೆ ಹಾಕುವವರು ಇಂಥ ರಬ್ಬರ್ ಭಾಗಗಳನ್ನು ಸರ್ವೀಸಿನಲ್ಲಿ ವಿಶೇಷವಾಗಿ ನೋಡಿಸಬೇಕು. ಎಥನಾಲ್ ಕೆಲವು ಬಗೆಯ ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತದೆ.

ಹಿಂದಿನ ಸೀಟಿನ ಬಳಿ ಘಾಟು ಹೆಚ್ಚಿದ್ದರೆ ಸೀಟಿನಡಿಯ ಪಂಪಿನ ಮುಚ್ಚಳ, ಅದರ ಗ್ಯಾಸ್ಕೆಟ್ ನೋಡಬೇಕು. ಎಸಿಯಲ್ಲಿ ಹೊರಗಾಳಿ ತೆರೆದಾಗ ಮಾತ್ರ ಬಂದರೆ ಸೋರಿಕೆ ಬಾನೆಟ್ ಒಳಗೆ. ಅಲ್ಲಿ ನಮ್ಮ ಊರುಗಳ ದೊಡ್ಡ ಶತ್ರು ಇಲಿ. ಮಲೆನಾಡಿನ ಅಡಿಕೆ ಅಂಗಳದ ಪಕ್ಕ ನಿಂತ ಗಾಡಿಯಾಗಲಿ, ಬೆಂಗಳೂರಿನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಕಾರಾಗಲಿ, ನಾಲ್ಕು ದಿನ ಅಲುಗದೆ ನಿಂತರೆ ಇಲಿ ವೈರು, ಪೈಪು ಎರಡನ್ನೂ ಕಡಿಯುತ್ತದೆ. ಇಲಿಯಿಲ್ಲದೆಯೂ ಪೈಪು ಸವೆಯಬಹುದು: 2019ರಲ್ಲಿ 40,618 ವ್ಯಾಗನ್‌ಆರ್ ಕಾರುಗಳನ್ನು ವಾಪಸು ಕರೆಸಿದ್ದು, ಇಂಧನದ ಪೈಪು ಲೋಹದ ಕ್ಲಿಪ್ಪಿಗೆ ಉಜ್ಜುತ್ತಿರಬಹುದೆಂಬ ಅನುಮಾನದಿಂದ.

ಸೈಲೆನ್ಸರಿನ ಹೊಗೆಯಲ್ಲಿ ಪೆಟ್ರೋಲ್ ವಾಸನೆಯಿದ್ದು ಪ್ಲಗ್ಗುಗಳು ಕಪ್ಪಾಗಿದ್ದರೆ ಅದು ಸೋರಿಕೆಯಲ್ಲ, ಇಂಧನ ಪೂರ್ತಿ ಉರಿಯುತ್ತಿಲ್ಲ. ಡಿಪ್‌ಸ್ಟಿಕ್ ಮೂಸಿದಾಗಲೂ ಪೆಟ್ರೋಲ್ ವಾಸನೆ ಬಂದು, ಎಂಜಿನ್ ಆಯಿಲ್ ಮಟ್ಟ ಏರಿದ್ದರೆ ಗಾಡಿ ಓಡಿಸಲೇಬಾರದು.

ದಾರಿಯಲ್ಲಿ ಘಾಟು ಜೋರಾದರೆ ಬಯಲಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರೂ ಇಳಿದು ದೂರ ಸರಿಯಬೇಕು. ಕಾರಿನಡಿ ಹನಿ ಬಿದ್ದಿದ್ದರೆ ಮತ್ತೆ ಸ್ಟಾರ್ಟ್ ಮಾಡದೆ ಟೋಯಿಂಗ್ ಗಾಡಿಗೆ ಫೋನ್ ಮಾಡುವುದೇ ಸರಿ. ಆ ಹನಿ ಎಸಿಯ ನೀರಿನದಾಗಿದ್ದರೆ ವಾಸನೆಯಿರದು. ಪೆಟ್ರೋಲಾದರೆ ಹರಡಿ ಬೇಗ ಆರುತ್ತದೆ. ಸೋರುವ ಟ್ಯಾಂಕಿಗೆ ಸ್ನಾನದ ಸೋಪು ಮೆತ್ತಿ ಊರು ಸೇರಿದ ಚಾಲಕರಿದ್ದಾರೆ. ಅಂಥ ತೇಪೆ ಕಡಿಮೆ ಒತ್ತಡದ ಹಳೆಯ ಟ್ಯಾಂಕಿಗೆ ಹೇಗೋ ನಡೆದೀತು. ಇಂಜೆಕ್ಷನ್ ಕಾರಿನ ಪೈಪಿನಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ಬಾರ್ ಒತ್ತಡವಿರುತ್ತದೆ, ಅಲ್ಲಿ ಸೋಪೂ ನಿಲ್ಲದು, ಎಂ-ಸೀಲೂ ನಿಲ್ಲದು.

ರಿಪೇರಿಗೆ ಮೊದಲು ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸುವುದು ಗ್ಯಾರೇಜಿನ ಕ್ರಮ. ಆದರೆ ಹನಿ ಸುರಿಯುತ್ತಿರುವ ಗಾಡಿಯಲ್ಲಿ ಇದನ್ನು ಮಾಡುವಂತಿಲ್ಲ. ಹಾಕುವ ಪೈಪು ಇಂಜೆಕ್ಷನ್ ಒತ್ತಡಕ್ಕೆಂದೇ ತಯಾರಾದದ್ದಾಗಿರಬೇಕು. ನೀರಿನ ಪೈಪಿನ ತುಂಡು ಕೂಡದು. ಕೆಲಸ ಮುಗಿದ ಮೇಲೆ ಫ್ಯೂಸ್ ಮತ್ತೆ ಕೂರಿಸಿ, ಎಂಜಿನ್ ಎಬ್ಬಿಸದೆ ಕೀಲಿ ಮಾತ್ರ ಎರಡು ಮೂರು ಸಲ ತಿರುಗಿಸಿದರೆ ಪಂಪು ಒತ್ತಡ ಕಟ್ಟುತ್ತದೆ. ಆಗ ಪ್ರತಿ ಜೋಡಣೆಯನ್ನೂ ಬ್ಯಾಟರಿ ಟಾರ್ಚಿನ ಬೆಳಕಲ್ಲಿ ನೋಡಬೇಕು. ಎಲ್ಲ ಒಣಗಿದ್ದೂ ಒಳಗೆ ಘಾಟು ಉಳಿದಿದ್ದರೆ ಪೆಟ್ರೋಲ್ ಕಾರ್ಪೆಟ್ಟಿಗೆ ಇಳಿದಿದೆ ಎಂದರ್ಥ. ಅದನ್ನು ಬಿಚ್ಚಿ ಹೊರಗೆ ಗಾಳಿಗೆ ಹರವಬೇಕು; ಮನೆಯ ವ್ಯಾಕ್ಯೂಮ್ ಕ್ಲೀನರ್ ಹಾಕಿದರೆ ಅದರ ಮೋಟಾರಿನ ಕಿಡಿಗೆ ಆವಿ ಹೊತ್ತಿಕೊಳ್ಳಬಹುದು.