ಬೇಲಿಯನ್ನು ಕೀಳಬೇಕೆ, ಕಟ್ಟಬೇಕೆ?



ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯನ್ನು ಪೊಲೀಸರ ವಿಷಯದಲ್ಲಿ ನೀವೂ ಆಡಿರಬಹುದು. ಹಾಗಾದರೆ ಆ ಬೇಲಿಯನ್ನೇ ಕಿತ್ತೆಸೆಯೋಣ ಎನ್ನುವವರೂ ಇದ್ದಾರೆ. ಕಿತ್ತರೆ ಹಣವಂತನು ಕೂಲಿಯ ಕಾವಲುಗಾರನನ್ನು ಇಟ್ಟುಕೊಂಡಾನು. ಬಡವನ ಹಿತ್ತಲನ್ನು ಕಾಯುವವರಾರು?

ಆದರೆ ಜನರ ದೂರು ಸುಳ್ಳಲ್ಲ. 1857ರ ದಂಗೆಯ ಬಳಿಕ, 1861ರಲ್ಲಿ ಆಂಗ್ಲರು ಮಾಡಿದ ಪೊಲೀಸ್ ಕಾಯಿದೆಯು ಪ್ರಜೆಗಳಿಗಿಂತ ಆಳುವವರ ರಕ್ಷಣೆಗೇ ಹೆಚ್ಚು ಒದಗಿತು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಹಿಡಿಯಬಾರದೆಂದು 1872ರ ಸಾಕ್ಷ್ಯ ಕಾಯಿದೆಯೇ ಹೇಳಿತು. ಅದರ ಸ್ಥಾನಕ್ಕೆ ಬಂದ 2023ರ ಕಾಯಿದೆಯೂ ಆ ಮಾತನ್ನು ಉಳಿಸಿಕೊಂಡಿದೆ. ಕಾನೂನೇ ಪೂರ್ತಿ ನಂಬದ ಕೈಯಲ್ಲಿ ಲಾಠಿಯಿರುವಾಗ ನಾವು ನಿಶ್ಚಿಂತರಾಗಿರುವುದು ಹೇಗೆ?

ದಾರಿ ಇಲ್ಲದಿಲ್ಲ. ನಿವೃತ್ತ ಪೊಲೀಸ್ ಅಧಿಕಾರಿ ಪ್ರಕಾಶ್ ಸಿಂಗರೇ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ಅದನ್ನು ತೋರಿಸಿತು. ಠಾಣಾಧಿಕಾರಿಯನ್ನು ಅಕಾರಣವಾಗಿ 2 ವರ್ಷದೊಳಗೆ ವರ್ಗ ಮಾಡಬಾರದು. ತನಿಖೆ ಬೇರೆ, ಬಂದೋಬಸ್ತು ಬೇರೆಯಾಗಬೇಕು. ಪೊಲೀಸರ ಮೇಲಿನ ದೂರನ್ನು ಕೇಳಲು ಪ್ರತ್ಯೇಕ ಪ್ರಾಧಿಕಾರವಿರಬೇಕು. ಕರ್ನಾಟಕವೂ 2012ರಲ್ಲಿ ತನ್ನ ಕಾಯಿದೆಯನ್ನು ತಿದ್ದಿ ಅಂಥ ಪ್ರಾಧಿಕಾರಕ್ಕೆ ಎಡೆಮಾಡಿತು.

ಕಾಗದದ ಮೇಲಿನ ಎಡೆಯಿಂದ ಹೊಟ್ಟೆ ತುಂಬದು. ನೊಂದವನು ಅಲ್ಲಿಗೆ ಹೋಗುವ ಧೈರ್ಯ ಮಾಡಬೇಕು, ನೆರೆಯವರು ಜೊತೆಗೆ ನಡೆಯಬೇಕು. ಬೇಲಿಯನ್ನು ಕೀಳುವುದು ಬೇಡ. ಮುಳ್ಳು ಬೆಳೆಯ ಕಡೆಗೆ ತಿರುಗದಂತೆ ಕಟ್ಟಿಕೊಳ್ಳೋಣ.