ಮನೆಯೊಳಗಿನ ಚಿಗಟ



ನೆಂಟರ ಮದುವೆಗೆಂದು ಮನೆಗೆ ಬೀಗ ಹಾಕಿ ಹೋಗಿ, ಹದಿನೈದು ದಿನ ಬಿಟ್ಟು ಬರುತ್ತೀರಿ. ಬಾಗಿಲು ತೆರೆದು ನಡುಮನೆಗೆ ಕಾಲಿಟ್ಟಿರೋ ಇಲ್ಲವೋ, ಎಳ್ಳಿನಂಥ ಕರಿಹುಳಗಳು ಪಟಪಟನೆ ಹಾರಿ ಕಾಲಿಗೆ ಕಚ್ಚುತ್ತವೆ. "ನಾವೂ ಇರಲಿಲ್ಲ, ನಾಯಿಯೂ ಇರಲಿಲ್ಲ, ಇವೆಲ್ಲಿಂದ ಬಂದವಪ್ಪಾ!" ಎನ್ನುತ್ತೀರಿ. ಎಲ್ಲಿಂದಲೂ ಬಂದದ್ದಲ್ಲ. ನಿಮ್ಮ ದಾರಿ ಕಾಯುತ್ತ ನೆಲದಲ್ಲೇ ಇದ್ದವು.

ಚಿಗಟ ನಾಯಿಯದೆಂದು ನಾವು ತಿಳಿದಿದ್ದೇವೆ. ಅಲ್ಲೇ ತಪ್ಪುವುದು. ನಾಯಿಯ ಮೈಮೇಲೆ ಕಾಣುವುದು ಬೆಳೆದ ಚಿಗಟ ಮಾತ್ರ. ಒಂದು ಹೆಣ್ಣು ದಿನಕ್ಕೆ 40ರವರೆಗೂ ಮೊಟ್ಟೆ ಇಡಬಲ್ಲುದು. ಆ ಮೊಟ್ಟೆ ಕೂದಲಿಗೆ ಅಂಟುವುದಿಲ್ಲ. ನಾಯಿ ಮಲಗಿದಲ್ಲಿ, ಮೈಕೊಡವಿದಲ್ಲಿ ಉದುರುತ್ತದೆ. ಕೆಲವು ದಿನಕ್ಕೆ ಒಡೆದು ಬಿಳಿ ಮರಿಹುಳ ಬರುತ್ತದೆ. ಅದಕ್ಕೆ ಬೆಳಕು ಆಗದು. ನೆಲದ ಬಿರುಕು, ಚಾಪೆಯ ಅಡಿ, ಗೋಣಿಚೀಲದ ಸಂದು ಹುಡುಕಿ ಸೇರುತ್ತದೆ. ಆಮೇಲೆ ರೇಷ್ಮೆ ಹುಳದ ಹಾಗೆ ಸಣ್ಣ ಗೂಡು ಕಟ್ಟಿಕೊಳ್ಳುತ್ತದೆ. ಗೂಡಿನೊಳಗೆ ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ ಸುಮ್ಮನೆ ಕೂತಿದ್ದು, ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರು ತಗುಲಿದೊಡನೆ ಹೊರಕ್ಕೆ ಹಾರುತ್ತದೆ. ಔಷಧ ಹೊಡೆದರೂ ಗೂಡಿನೊಳಗೆ ಚೆನ್ನಾಗಿ ಇಳಿಯುವುದಿಲ್ಲ.

ಕಚ್ಚಿದರೆ ತುರಿಕೆ, ಅಷ್ಟೇ ತಾನೆ ಎನ್ನಬೇಡಿ. ಮಳೆಗಾಲದಲ್ಲಿ ಎಳೆಯ ಆಡುಮರಿಯನ್ನು ಒಳಗೆ ಕಟ್ಟುತ್ತೀರಲ್ಲ, ಚಿಗಟ ವಿಪರೀತವಾದರೆ ರಕ್ತ ಹೀರಿಹೀರಿ ಮರಿ ಸಾಯುವುದುಂಟು. ಮನೆಯವರು ದೃಷ್ಟಿ ತಗುಲಿತೆಂದು ನಿವಾಳಿಸುತ್ತಾರೆ. ಮರಿಯ ಕೆಳರೆಪ್ಪೆ ಬಿಡಿಸಿ ನೋಡಿ. ಒಳಗೆ ಕೆಂಪು ಹೋಗಿ ಬಿಳುಪೇರಿದ್ದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿ, ಹೊಟ್ಟೆಹುಳವೂ ಇದ್ದೀತು. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಮಾರಿಯೂ ಇಲಿಯ ಚಿಗಟದಿಂದ ಹರಡುವಂಥದೇ. ಆದ್ದರಿಂದ ಇಲಿಗಳು ತಾವಾಗಿ ಬಿದ್ದು ಸಾಯುತ್ತಿದ್ದರೆ ಬರಿಗೈಯಲ್ಲಿ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಈಗ ಕೆಲಸಕ್ಕೆ ಬರೋಣ. ನೆಲ, ಹಾಸಿಗೆ, ನಾಯಿ ಮೂರಕ್ಕೂ ಒಂದೇ ದಿನ ಕೈಹಾಕಬೇಕು. ನಾಯಿಗೆ ಮಾತ್ರ ಸ್ನಾನ ಮಾಡಿಸಿ ಕೈತೊಳೆದುಕೊಂಡರೆ ನಾಲ್ಕು ದಿನಕ್ಕೆ ಮತ್ತೆ ಅದೇ ಕಥೆ. ನಾನೂ ನಮ್ಮ ಮನೆಯಲ್ಲಿ ಹೀಗೆ ಮಾಡಿ ಮೋಸಹೋದವನೇ. ಮಂಚ, ಪೆಟ್ಟಿಗೆ, ಮೂಟೆ ಎಲ್ಲ ಸರಿಸಿ ಮೂಲೆಮೂಲೆ ಗುಡಿಸಿ. ಕಸವನ್ನು ತಿಪ್ಪೆಗೆ ಹಾಕಬೇಡಿ, ಒಲೆಗೆ ಹಾಕಿ. ಮಣ್ಣುನೆಲವಾದರೆ ಬಿರುಕಿಗೆ ಮಣ್ಣು ಮೆತ್ತಿ ಸಾರಿಸಿ. ಬಿರುಕು ಬಿಟ್ಟು ಮೇಲೆಮೇಲೆ ಸಾರಿಸಿದರೆ ಏನೂ ಪ್ರಯೋಜನವಿಲ್ಲ. ಗಾರೆ ನೆಲದ ಸಂದಿಗೆ ಕುದಿಯುವ ನೀರು ಹೊಯ್ಯಿರಿ, ಮಕ್ಕಳನ್ನು ದೂರವಿಟ್ಟುಕೊಂಡು. ಕಂಬಳಿ, ಕೌದಿಯನ್ನು ಉರಿಬಿಸಿಲಿನಲ್ಲಿ ಎರಡೂ ಮಗ್ಗುಲು ಒಣಗಿಸಿ. ನಾಯಿ ಮಲಗುವ ಹಳೇ ಗೋಣಿಯನ್ನು ಸುಟ್ಟೇಬಿಡಿ. ನಾಯಿಗೆ ಸಾಬೂನು ಹಚ್ಚಿ ತೊಳೆದು, ಹೇನಿನ ಬಾಚಣಿಗೆಯಿಂದ ಬಾಚಿ, ಸಿಕ್ಕಿದ್ದನ್ನು ಸಾಬೂನುನೀರಿಗೆ ಅದ್ದಿ. ಉಗುರಿನಲ್ಲಿ ಕುಕ್ಕಲು ಹೋದರೆ ಜಾರಿಕೊಳ್ಳುತ್ತದೆ.

ಹೊಲಕ್ಕೆ ತಂದ ಕೀಟನಾಶಕವನ್ನು ಮಾತ್ರ ಮನೆಯೊಳಗೂ ನಾಯಿಯ ಮೈಗೂ ತರಲೇಬೇಡಿ. ಮಗು ಅದೇ ನೆಲದಲ್ಲಿ ಅಂಬೆಗಾಲಿಡುತ್ತದೆ, ನಾಯಿ ಮೈ ನೆಕ್ಕಿಕೊಳ್ಳುತ್ತದೆ. ಔಷಧ ಬೇಕಾದರೆ ಪಶು ಆಸ್ಪತ್ರೆಯಲ್ಲಿ ಕೇಳಿ. ಬೆಕ್ಕಿದ್ದರೆ ಅದನ್ನೂ ಹೇಳಿ. ನಾಯಿಗೆ ಹಾಕುವ ಪರ್ಮೆತ್ರಿನ್ ಬೆಕ್ಕಿಗೆ ವಿಷ.

ಎರಡನೆಯ ವಾರ ಚಿಗಟ ಹೆಚ್ಚಾದಂತೆಯೇ ಕಾಣಬಹುದು. ಗೂಡಿನಲ್ಲಿದ್ದವು ಹೊರಬೀಳುತ್ತಿವೆ, ಅಷ್ಟೇ. ಗುಡಿಸುವುದನ್ನು ದಿನವೂ, ಬಿಸಿಲಿಗೆ ಹಾಕುವುದನ್ನು ವಾರಕ್ಕೊಮ್ಮೆ, ಒಂದೂವರೆ ಎರಡು ತಿಂಗಳು ಬಿಡದೆ ನಡೆಸಿ. ಲೆಕ್ಕ ತಿಳಿಯಬೇಕೇ? ರಾತ್ರಿ ನೆಲದ ಮೇಲೆ ಅಗಲವಾದ ತಟ್ಟೆಯಲ್ಲಿ ಸಾಬೂನುನೀರು ಹಾಕಿ, ನಡುವೆ ಒಂದು ಹಣತೆ ಹಚ್ಚಿಡಿ. ಬಟ್ಟೆಬರೆ ಹತ್ತಿರ ಇರದಿರಲಿ, ಮಲಗುವಾಗ ದೀಪ ಆರಿಸಿ. ಬೆಳಕಿಗೆ ಹಾರಿ ಬಿದ್ದವನ್ನು ಎಣಿಸಿ ಗೋಡೆಯ ಮೇಲೆ ಸುಣ್ಣದಲ್ಲಿ ಗೀಟು ಹಾಕುತ್ತ ಬನ್ನಿ. ಹತ್ತು ದಿನ ಒಂದೂ ಬೀಳದಿದ್ದ ಮೇಲೆ ಆಡುಮರಿಯನ್ನು ಮತ್ತೆ ಒಳಗೆ ಕಟ್ಟಿ.